ದಫ್ತರದವರಿಗೆ ಗೊತ್ತಿದ್ದ ಜಾಗ

ಕಳೆದ ತಿಂಗಳು ನನ್ನ ಎಸ್‌ಎಸ್‌ಡಿ ಸತ್ತುಹೋಯಿತು. ಕಂಪ್ಯೂಟರಿಗೆ ಸಿಕ್ಕಿಸಿ ಬೇಕಾದದ್ದನ್ನೆಲ್ಲ ತುಂಬಿಡುವ ಚಪ್ಪಟೆ ಡಬ್ಬಿ ಅದು, ನನ್ನ ಅಂಗೈಗಿಂತ ಚಿಕ್ಕದು. ಅದರೊಳಗೆ ನನ್ನ ಅಕ್ಕ ಹೇಳಿದ ಮದುವೆ ಹಾಡುಗಳಿದ್ದವು. ಎಣ್ಣೆ ಹಚ್ಚುವಾಗಿನದು, ಹಸೆಗೆ ಕರೆಯುವುದು, ಹೆಣ್ಣು ಒಪ್ಪಿಸಿಕೊಡುವುದು... ಅಕ್ಕ ತೀರಿಕೊಳ್ಳುವ ಮೊದಲಿನ ಎರಡು ವರ್ಷ ಅವಳೆದುರು ಕೂತು ಹಿಡಿದಿಟ್ಟವು. ಹಿಂದಿನ ದಿನ ಸಂಜೆ ಹಾಕಿ ಕೇಳಿದ್ದೆ. ಮರುದಿನ ಬೆಳಿಗ್ಗೆ ಸಿಕ್ಕಿಸಿದರೆ, ಅಂಥದ್ದೊಂದು ವಸ್ತು ಇದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗಲಿಲ್ಲ.

ಸಾಗರದ ಪೇಟೆಯಲ್ಲಿ ಇಂಥವನ್ನು ನೋಡುವವನೊಬ್ಬನಿದ್ದಾನೆ, ನಲವತ್ತರ ಆಸುಪಾಸಿನವನು. ಅವನ ಅಂಗಡಿಗೆ ಒಯ್ದು ಕೊಟ್ಟೆ. ಬಿಚ್ಚಿ, ಭೂತಗನ್ನಡಿ ಹಿಡಿದು, ಏನೇನೋ ತಂತಿ ತಾಗಿಸಿ ನೋಡಿದ.

“ಚಿಪ್ಪಿಗೆ ಏನೂ ಆಗಿಲ್ಲ ಅಮ್ಮ. ನಿಮ್ಮ ಹಾಡೆಲ್ಲ ಒಳಗೇ ಇದಾವೆ,” ಎಂದ. “ಯಾವ್ದು ಎಲ್ಲಿದೆ ಅಂತ ಗೊತ್ತಿರೋದು ಇದರ ಮೆದುಳಿಗೆ, ಕಂಟ್ರೋಲರಿಗೆ ಮಾತ್ರ. ಅದೇ ಹೋಗಿದೆ.”

“ಎಲ್ಲಿಟ್ಟಿದೀನಿ ಅಂತ ಬರ್ಕೊಂಡಿರಲ್ವಾ ಅದು?”

“ಬರ್ಕೊಂಡಿರ್ತದೆ. ಬರ್ಕೊಂಡಿದ್ದನ್ನ ಅದೇ ಓದ್ಬೇಕು, ಬೇರೆಯವ್ರಿಗೆ ಬರಲ್ಲ.”

ಆಮೇಲೆ ಮೇಷ್ಟರ ಹಾಗೆ ತಾಳ್ಮೆಯಿಂದ ವಿವರಿಸಿದ. ನಾವು ಒಂದು ಕಡೆ ಇಟ್ಟೆವು ಅಂದುಕೊಂಡಿರುತ್ತೇವೆ, ಅದು ಅಲ್ಲಿ ಇಡುವುದಿಲ್ಲವಂತೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆದರೆ ಆ ಜಾಗ ಸವೆಯುತ್ತದೆಂದು ಇದ್ದದ್ದನ್ನು ಅತ್ತಿಂದಿತ್ತ ಸಾಗಿಸುತ್ತಿರುತ್ತದೆ. ಕೆಟ್ಟ ಜಾಗಕ್ಕೆ ಗುರುತು ಹಾಕಿ ಆ ಕಡೆ ಹೋಗುವುದನ್ನೇ ಬಿಡುತ್ತದೆ. ಆಪತ್ತಿಗೆ ಇರಲೆಂದು ಒಂದಿಷ್ಟು ಜಾಗ ಖಾಲಿ ಉಳಿಸಿಕೊಂಡಿರುತ್ತದೆ. ಹಳೆಯ ಹಾರ್ಡ್ ಡಿಸ್ಕಾದರೆ ಹೋಗುವ ಮೊದಲು ಎಷ್ಟೋ ಸಲ ಕಟಕಟ ಸದ್ದು ಮಾಡಿ ಎಚ್ಚರಿಸುತ್ತಿತ್ತು. ಕಂಟ್ರೋಲರ್ ಹಾಗಲ್ಲ, ನಿನ್ನೆಯವರೆಗೂ ಚೆನ್ನಾಗಿದ್ದು ಇವತ್ತು ಇಲ್ಲ.

“ಇನ್ನೊಂದು ಕಾಪಿ ಇಟ್ಟಿರಲಿಲ್ವಾ?” ಎಂದು ಕೇಳಿದ. ಏನು ಹೇಳಲಿ? ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಕಾಗದದ ನಕಲು ಮಾಡಿಕೊಟ್ಟೇ ಸಂಬಳ ತಿಂದವಳು ನಾನು. ಇಟ್ಟಿರಲಿಲ್ಲ.

“ಬೆಂಗಳೂರಿಗೆ ಕಳ್ಸಿ ನೋಡ್ಬೋದು. ಗ್ಯಾರಂಟಿ ಇಲ್ಲ. ಒಂದು ಮಾತ್ರ ನೆನಪಿಟ್ಕೊಳಿ, ಸರಿ ಮಾಡ್ತೀನಿ ಅಂದೋರ ಕೈಗೆಲ್ಲ ಕೊಡ್ಬೇಡಿ. ತಾನಾಗಿ ಕೆಟ್ಟಿದ್ದಕ್ಕಿಂತ, ಸರಿ ಮಾಡಕ್ಕೆ ಹೋಗಿ ಕೆಡಿಸಿದ್ದೇ ಜಾಸ್ತಿ.”

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹಾಡು ಹೋದ ದುಃಖಕ್ಕೆ ತಲೆಸುತ್ತು ಬಂತೆಂದುಕೊಂಡು ಅವನು ನೀರು ತಂದುಕೊಟ್ಟ. ನನಗೆ ದಫ್ತರದವರು ನೆನಪಾಗಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ನಾನು ಕಂದಾಯದ ಕೆಲಸ ಮಾಡಿದ್ದೇನೆ. ಇದು ನಡೆದದ್ದು ಎಲ್ಲಿ ಎಂದು ಬರೆಯುವುದಿಲ್ಲ. ಆಗ ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ಪೇಟೆಯಲ್ಲಿ ಸಿಕ್ಕಿ ನಗುತ್ತಾರೆ. ಅಲ್ಲಿ ನಾನು ನಕಲು ಶಾಖೆಯ ಟೈಪಿಸ್ಟ್. ಯಾರಾದರೂ ಅರ್ಜಿ ಹಾಕಿ ತಮ್ಮ ಜಮೀನಿನ ಹಳೆಯ ಕಾಗದ ಕೇಳಿದರೆ, ಅದನ್ನು ನೋಡಿಕೊಂಡು ಟೈಪ್ ಮಾಡಿ, ಸಾಹೇಬರ ರುಜು ಹಾಕಿಸಿ ಕೊಡುವುದು ನನ್ನ ಕೆಲಸ. ಆ ಕಾಗದವನ್ನು ರೆಕಾರ್ಡ್ ರೂಮಿನಿಂದ ಹುಡುಕಿ ತರುವುದು ಆ ಕೋಣೆ ನೋಡಿಕೊಳ್ಳುತ್ತಿದ್ದವರ ಕೆಲಸ. ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು, ಆ ಗಂಟಿಗೆ ದಫ್ತರ ಎನ್ನುತ್ತಿದ್ದೆವು. ಅವರನ್ನು ಎಲ್ಲರೂ ದಫ್ತರದವರು ಎಂದೇ ಕರೆಯುತ್ತಿದ್ದರು.

ಐವತ್ತು ದಾಟಿದ, ಒಣಕಲು ಮೈಯ ಮನುಷ್ಯ. ಬಣ್ಣ ಹೋದ ಕರಿ ಕೋಟು. ಹತ್ತಿರ ಬಂದರೆ ಬಜೆ ಮತ್ತು ಲಕ್ಕಿ ಸೊಪ್ಪಿನ ವಾಸನೆ. ಹುಳ ಬಾರದಿರಲೆಂದು ದಫ್ತರಗಳ ನಡುವೆ ಅವನ್ನು ಇಡುತ್ತಿದ್ದರು. ಊರು, ಸರ್ವೆ ನಂಬರು, ವರ್ಷ ಇಷ್ಟು ಹೇಳಿದರೆ ಸಾಕು. ಒಳಗೆ ಹೋಗುತ್ತಿದ್ದರು, ನೀವು ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಸುವುದರೊಳಗೆ ದಫ್ತರ ಹಿಡಿದು ಹೊರಗೆ ಬರುತ್ತಿದ್ದರು. ಬೆಂಕಿಯ ಭಯಕ್ಕೆ ಆ ಕೋಣೆಗೆ ದೀಪ ಹಾಕಿಸಿರಲಿಲ್ಲ. ಇದ್ದ ಒಂದು ಕಿಟಕಿಯ ಬೆಳಕಿನಲ್ಲಿ, ಅರ್ಧ ಕಣ್ಣಿನಿಂದ, ಅರ್ಧ ಕೈಯಿಂದ ಹುಡುಕುತ್ತಿದ್ದರು.

ಕೋಣೆಯ ಪಡುವಣ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತಿತ್ತು. ರಿಪೇರಿಗೆ ಬರೆದೂ ಬರೆದೂ ಸಾಕಾಗಿ ದಫ್ತರದವರು ತಮ್ಮದೇ ದಾರಿ ಮಾಡಿಕೊಂಡಿದ್ದರು. ಆರಿದ್ರೆ ಮಳೆ ಕೂರುವ ಮೊದಲು ಆ ಗೋಡೆಯ ದಫ್ತರಗಳನ್ನು ಮೂಡಣ ಗೋಡೆಗೆ ಸಾಗಿಸುತ್ತಿದ್ದರು. ಯಾವ ಅಟ್ಟಣೆಗೆ ತೇವ ಏರುತ್ತದೋ, ಗೆದ್ದಲು ಬರುತ್ತದೋ, ಅದರ ಅಂಚಿಗೆ ಬೆರಳಿನಿಂದ ಒಂದು ಸುಣ್ಣದ ಬೊಟ್ಟು. ಬೊಟ್ಟು ಬಿದ್ದ ಕಡೆ ಮತ್ತೆ ಕಾಗದ ಇಡುತ್ತಿರಲಿಲ್ಲ. ಯಾವತ್ತೂ ಎರಡು ಅಟ್ಟಣೆ ಖಾಲಿ. ಒಂದು ದಫ್ತರ ನೆನೆದರೆ ಚೆನ್ನಾಗಿ ಉಳಿದ ಹಾಳೆಗಳನ್ನು ಬಿಡಿಸಿ, ಒಣಗಿಸಿ, ಗಟ್ಟಿಯಾಗಿರುವ ಇನ್ನೊಂದು ಊರಿನ ದಫ್ತರದ ಮಧ್ಯೆ ಸೇರಿಸಿ ಕಟ್ಟುತ್ತಿದ್ದರು. ಇದೆಲ್ಲ ಅವರ ಉದ್ದನೆಯ ನೋಟುಪುಸ್ತಕಕ್ಕೆ ಹೋಗುತ್ತಿತ್ತು, ಆದರೆ ಮಳೆ ಬಿಟ್ಟ ಮೇಲೆ, ಪುರುಸೊತ್ತಿನಲ್ಲಿ. ಅಲ್ಲಿಯವರೆಗೆ ತಲೆಯಲ್ಲಿ. ದಫ್ತರದವರು ಮಳೆಗಾಲಕ್ಕೆ ಹೆಂಡತಿಯನ್ನೂ ಮೂಡಣ ಗೋಡೆಗೆ ಸಾಗಿಸುತ್ತಾರೆ ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದೆವು. ಅವರೂ ನಗುತ್ತಿದ್ದರು.

ಅವರ ಇನ್ನೊಂದು ನೇಮ, ಎಷ್ಟೇ ಕೆಲಸ ಬಾಕಿ ಇರಲಿ, ಸಂಜೆ ಕಚೇರಿ ಮುಚ್ಚುವಾಗ ಯಾವ ದಫ್ತರವೂ ಹೊರಗಿನ ಮೇಜಿನ ಮೇಲೆ ಉಳಿಯಬಾರದು. ಸಾಹೇಬರೇ ಕೇಳಿದರೂ ಕೊಡುತ್ತಿರಲಿಲ್ಲ.

ಆಗ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದು ಊರೂರಲ್ಲಿ ಅದೇ ಮಾತು. ಗೇಣಿಗೆ ಗದ್ದೆ ಮಾಡುತ್ತಿದ್ದವರು ಅರ್ಜಿ ಹಾಕಿಕೊಂಡಿದ್ದರು. ನ್ಯಾಯಮಂಡಳಿಯ ಮುಂದೆ ವಿಚಾರಣೆ. ಗೇಣಿ ಚೀಟಿ ಇದ್ದವರಿಗೆ ತೊಂದರೆಯಿಲ್ಲ. ಇಲ್ಲದವರಿಗೆ ಪಹಣಿಯೇ ಗತಿ. ಯಾವ ಜಮೀನನ್ನು ಯಾವ ವರ್ಷ ಯಾರು ಉತ್ತರು ಎಂಬುದಕ್ಕೆ ಪಹಣಿಯಲ್ಲಿ ಒಂದು ಕಾಲಂ ಇರುತ್ತದಲ್ಲ, ಅದರಲ್ಲಿ ಹೆಸರಿದ್ದರೆ ಗದ್ದೆ ಸಿಗುವ ದಾರಿ ಇತ್ತು.

ಹಾಗೆ ಬಂದವಳು ಆ ಹೆಂಗಸು. ಘಟ್ಟದ ಅಂಚಿನ ಹಳ್ಳಿಯವಳು, ನಲವತ್ತರೊಳಗಿನ ಪ್ರಾಯ. ಗಂಡ ಹದಿನೈದು ವರ್ಷ ಗೇಣಿಗೆ ಮಾಡಿದ ಗದ್ದೆ, ಒಂದು ಎಕರೆ ಚಿಲ್ಲರೆ. ಗಂಡ ಹಾವು ಕಚ್ಚಿ ಸತ್ತಿದ್ದ. ಒಡೆಯರು ಚೀಟಿ ಕೊಡುವ ಪೈಕಿ ಅಲ್ಲ. ಅವನು ನಮ್ಮಲ್ಲಿ ಗೇಣಿದಾರನೇ ಅಲ್ಲ, ಕೂಲಿಗೆ ಬರುತ್ತಿದ್ದವನು ಎಂದು ಹೇಳಿಕೆ ಕೊಟ್ಟಿದ್ದರು. ಅವರೆದುರು ಸಾಕ್ಷಿ ಹೇಳಲು ಊರಿನಲ್ಲಿ ಯಾರಿಗೂ ಎದೆಯಿರಲಿಲ್ಲ. ಊರಿನ ಶಾನುಭೋಗರ ಹತ್ತಿರವಿದ್ದ ಪಹಣಿಯ ಪ್ರತಿ ಅವರು ಮನೆ ಬದಲಿಸುವಾಗ ಕಳೆದಿತ್ತು. ಉಳಿದದ್ದು ನಮ್ಮ ರೆಕಾರ್ಡ್ ರೂಮಿನದೊಂದೇ.

ಮೊದಲ ಸಲ ಬಂದಾಗ ಹಿತ್ತಲಲ್ಲಿ ಬೆಳೆದ ಮೊಗೆಕಾಯಿ ತಂದಿದ್ದಳು. ದಫ್ತರದವರು ಮುಟ್ಟಲಿಲ್ಲ. ಎರಡನೆಯ ಸಲ ಒಂದು ಹೊರೆ ಲಕ್ಕಿ ಸೊಪ್ಪು ತಂದಳು. “ಇದು ನಿಮಗಲ್ಲ ಅಯ್ಯಾ, ಆ ಕಾಗ್ದಕ್ಕೆ,” ಅಂದಳು. ಅದನ್ನು ತೆಗೆದುಕೊಂಡರು.

ಶುಕ್ರವಾರ ಮಧ್ಯಾಹ್ನದ ಮೇಲೆ, ಸುಮಾರು ಮೂರೂಮುಕ್ಕಾಲು ಗಂಟೆ... ದಫ್ತರದವರು ಒಂದು ದೊಡ್ಡ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಬೈಂಡು ಕಿತ್ತು, ಅಂಚು ಕಂದಿದ ಪಹಣಿ ಪುಸ್ತಕ. ಆ ಹೆಂಗಸು ಎದುರಿಗೆ ನಿಂತಿದ್ದಳು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದೇನ್ರಾ ನಮ್ಮನೆಯೋರ ಹೆಸ್ರು?”

“ಇದೇ. ಮುಂದಿನ ಎರಡು ವರ್ಷದಲ್ಲೂ ಇದೆ. ಮೂರು ವರ್ಷದ್ದು ಸಾಕು ನಿಂಗೆ.”

ಅವಳಿಗೆ ಓದು ಬರುತ್ತಿರಲಿಲ್ಲ. ಅವರು ಬೆರಳು ತೆಗೆದ ಜಾಗದಲ್ಲಿ ತನ್ನ ಬೆರಳಿಟ್ಟಳು. ನಾನೂ ಬಗ್ಗಿ ಓದಿದೆ. ಗಂಡನ ಹೆಸರು, ಅವನ ಅಪ್ಪನ ಹೆಸರು, ಮುಂದೆ ಗೇಣಿ ಎಂದು ಶಾನುಭೋಗರ ಕೂಡುಬರಹದ ಮೋಡಿ ಅಕ್ಷರದಲ್ಲಿ ಸ್ಪಷ್ಟವಾಗಿತ್ತು.

ಟೈಪ್ ಮಾಡಲು ಸಣ್ಣ ಸಣ್ಣ ಕಾಲಮ್ಮಿನ ಆರು ಪುಟ. ಆನಂದಪುರಕ್ಕೆ ನನ್ನ ಬಸ್ಸು ನಾಲ್ಕೂಇಪ್ಪತ್ತಕ್ಕೆ. ಮರುದಿನ ಎರಡನೆಯ ಶನಿವಾರದ ರಜೆ, ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಅಮ್ಮ ಬೇಗ ಬಾ ಅಂದಿದ್ದಳು. “ಸೋಮವಾರ ಬಂದ ತಕ್ಷಣ ಮೊದ್ಲು ಇದನ್ನೇ ಮಾಡ್ತೀನಿ,” ಎಂದೆ.

ದಫ್ತರದವರು ಕಿಟಕಿಯಿಂದ ಆಕಾಶ ನೋಡಿದರು. ಮೋಡ ಆಗಿತ್ತು. ಒಂದು ಕ್ಷಣ ಏನೋ ಹೇಳುವವರಂತೆ ಕಂಡರು. ಆಮೇಲೆ, “ಆಯ್ತಮ್ಮ, ಸೋಮವಾರವೇ ಸೈ,” ಎಂದು ಪುಸ್ತಕ ಮುಚ್ಚಿ ಬಟ್ಟೆ ಕಟ್ಟಿ ಒಳಗೊಯ್ದರು. “ಸೋಮವಾರ ಬಾ ಮಾರಾಯ್ತಿ, ಬರಿಗೈಲಿ ಕಳ್ಸದಿಲ್ಲ,” ಎಂದು ಅವಳಿಗೆ ಹೇಳಿದ್ದು ನನಗೆ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.

ಐದೂಮುಕ್ಕಾಲಿಗೆ ಇನ್ನೊಂದು ಬಸ್ಸಿತ್ತು. ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಶನಿವಾರ ರಾತ್ರಿಯಿಂದಲೇ ಮಳೆ ಹಿಡಿಯಿತು. ಅಂಥ ಮಳೆ ಆ ವರ್ಷ ಅಷ್ಟು ಬೇಗ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಭಾನುವಾರ ದಫ್ತರದವರು ಕೊಡೆ ಹಿಡಿದು ಕಚೇರಿಗೆ ಬಂದು, ಬಾಗಿಲು ತೆಗೆಸಿ, ಪಡುವಣ ಗೋಡೆಯ ದಫ್ತರಗಳನ್ನೆಲ್ಲ ಒಬ್ಬರೇ ಸಾಗಿಸಿದರಂತೆ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ. ಬಾಗಿಲು ತೆಗೆದ ಅಟೆಂಡರ್ ಆಮೇಲೆ ಹೇಳಿದ್ದು, “ಬರ್ಕಳಿ ಅಂದೆ ನಾನು. ಮಳೆ ಬಿಟ್ಮೇಲೆ ಬರದ್ರಾತು ಅಂದ್ರು.”

ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು. ನಾನು ಆನಂದಪುರದಿಂದ ಬಂದು ಬಸ್ಸಿಳಿಯುವಾಗ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಒಯ್ದಾಗಿತ್ತು. ಕಚೇರಿ ಜಗಲಿಯಲ್ಲಿ ಆ ಹೆಂಗಸು ಒದ್ದೆ ಸೀರೆಯಲ್ಲಿ ಕೂತಿದ್ದಳು.

ಅವತ್ತೇ ಹುಡುಕಿದೆವು. ರಿಜಿಸ್ಟರಿನಲ್ಲಿ ಒಂದು ಅಟ್ಟಣೆ ಬರೆದಿತ್ತು, ಅಲ್ಲಿ ಇನ್ನಾವುದೋ ಊರಿತ್ತು. ನೋಟುಪುಸ್ತಕ ಹಿಂದಿನ ಚಳಿಗಾಲದ್ದು, ಅದರಲ್ಲಿದ್ದ ಜಾಗವೂ ಸುಳ್ಳಾಯಿತು. ಆಮೇಲೆ ಒಂದು ತಿಂಗಳು, ಅವಳದ್ದಷ್ಟೇ ಅಲ್ಲ, ಯಾರು ಯಾವ ಕಾಗದ ಕೇಳಿದರೂ ಇಡೀ ಕೋಣೆ ತಡಕಾಡುತ್ತಿದ್ದೆವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಕತೆ. ಒಂದು ಹಾಳೆಯೂ ಕಳೆದಿರಲಿಲ್ಲ. ಎಲ್ಲ ಆ ನಾಲ್ಕು ಗೋಡೆಯ ಒಳಗೇ ಇತ್ತು. ನಂಬಿಕಸ್ಥರು ಎಂದು ಬಾಯಿ ತುಂಬ ಹೊಗಳುತ್ತಲೇ ನಾವು ಇಡೀ ತಾಲ್ಲೂಕನ್ನು ಅವರೊಬ್ಬರ ತಲೆಯ ಮೇಲೆ ಹೇರಿದ್ದೆವು.

ಆ ಹೊತ್ತಿಗೆ ಜಮಾಬಂದಿ ಹತ್ತಿರ ಬಂತು. ಮೇಲಿನ ಅಧಿಕಾರಿ ಬಂದು ಕಚೇರಿಯ ಲೆಕ್ಕಪತ್ರವನ್ನೆಲ್ಲ ತಪಾಸಣೆ ಮಾಡುವ ದಿನ ಅದು. ನಮ್ಮ ಶಿರಸ್ತೇದಾರರು ಬಯಲುಸೀಮೆಯವರು, ಬಂದು ಆರು ತಿಂಗಳಾಗಿತ್ತು. ಕೆಟ್ಟವರಲ್ಲ, ಕೆಲಸದಲ್ಲಿ ಶಿಸ್ತು. “ಒಬ್ರ ತಲೇಲಿ ಕಚೇರಿ ನಡಿಯೋದು ಸಾಕು. ಎಲ್ಲ ಇಳಿಸಿ, ಹೋಬಳಿವಾರು, ಊರುವಾರು, ವರ್ಷವಾರು ಜೋಡಿಸಿ,” ಎಂದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹೀಗೆ ಮಾಡಿದರೆ ಅವಳ ಪಹಣಿಯೂ ಸಿಗುತ್ತದೆಂದು ಎಲ್ಲರಿಗಿಂತ ಹೆಚ್ಚು ಉತ್ಸಾಹದಿಂದ ಸೆರಗು ಸಿಕ್ಕಿಸಿದವಳು ನಾನು.

ಒಂಬತ್ತು ದಿನ ಹಿಡಿಯಿತು. ದಫ್ತರಗಳನ್ನೆಲ್ಲ ಇಳಿಸಿ, ಧೂಳು ಹೊಡೆದು, ಹೊಸ ಬಟ್ಟೆ ಕಟ್ಟಿದೆವು. ಬಿಚ್ಚಿದ ಕಡೆಯೆಲ್ಲ ಒಂದೂರಿನ ನಡುವೆ ಇನ್ನೊಂದೂರಿನ ಹಾಳೆ. “ಇದೇನ್ರೀ, ಸಂತೆ ಆದಂಗಾಗಿದೆ,” ಎಂದರು ಶಿರಸ್ತೇದಾರರು. ಅಂಥವನ್ನು ಓದಿ ವಿಂಗಡಿಸಲು ನಮಗೆ ಪುರುಸೊತ್ತಿರಲಿಲ್ಲ. ಮೋಡಿ ಅಕ್ಷರ ಓದುವವರೂ ಇಬ್ಬರೇ. ಸುಲಭಕ್ಕೆ ಸೇರದ್ದನ್ನೆಲ್ಲ ಒಟ್ಟು ಮಾಡಿ ‘ಇತರೆ’ ಎಂದು ಕಟ್ಟಿದೆವು. ಹನ್ನೊಂದು ಗಂಟು ಆದವು. “ಇಷ್ಟು ಜಾಗ ಸುಮ್ನೆ ಬಿಟ್ಟಿದಾರಲ್ರೀ,” ಎಂದು ಪಡುವಣ ಗೋಡೆಯ ಖಾಲಿ ಅಟ್ಟಣೆಗಳ ಮೇಲೆ ಅವನ್ನು ಇಡಿಸಿದರು. ಅಂಚಿನಲ್ಲಿ ಸುಣ್ಣದ ಬೊಟ್ಟುಗಳಿದ್ದವು. ನಾನು ನೋಡಿದೆ. ಒದ್ದೆ ಬಟ್ಟೆಯಿಂದ ಒರೆಸಿದವರಲ್ಲಿ ನಾನೂ ಒಬ್ಬಳು. ಅದರ ಅರ್ಥ ಗೊತ್ತಿತ್ತೋ ಇಲ್ಲವೋ... ಗೊತ್ತಿತ್ತು ಅನ್ನಿಸುತ್ತದೆ. ಆಗ ಕೋಣೆ ಚೊಕ್ಕ ಕಾಣುವುದೇ ಮುಖ್ಯವಾಗಿತ್ತು.

ಪ್ರತಿ ದಫ್ತರಕ್ಕೂ ನಾನೇ ಚೀಟಿ ಬರೆದೆ. ದುಂಡಗಿನ ಅಕ್ಷರ ನನ್ನದು. ಜಮಾಬಂದಿಗೆ ಬಂದ ಅಧಿಕಾರಿ ಕೋಣೆಯ ಬಾಗಿಲಲ್ಲಿ ನಿಂತು, ಇಂಥ ರೆಕಾರ್ಡ್ ರೂಮು ಜಿಲ್ಲೆಯಲ್ಲೇ ನೋಡಿಲ್ಲ ಎಂದರು. ಈ ಅಕ್ಷರ ಯಾರದು ಎಂದು ಕೇಳಿದರು. ನನಗೆ ಖುಷಿಯಾಯಿತು. ಸುಳ್ಳು ಹೇಳಲಾರೆ, ತುಂಬಾ ಖುಷಿಯಾಯಿತು.

ಅವಳ ಊರಿನ ದಫ್ತರ ಸಿಕ್ಕಿತ್ತು. ಬೇಕಾದ ಮೂರು ವರ್ಷ ಮಾತ್ರ ಅದರಲ್ಲಿರಲಿಲ್ಲ, ಉಳಿದ ವರ್ಷಗಳ ಆ ಕಾಲಮ್ಮಿನಲ್ಲಿ ಒಡೆಯರ ಹೆಸರೇ ಇತ್ತು. ಆ ಬೈಂಡು ಕಿತ್ತ ಪುಸ್ತಕವನ್ನು ಭಾನುವಾರ ಅವರು ಯಾವ ಊರಿನ ಮಧ್ಯೆ ಇಟ್ಟು ಕಾಪಾಡಿದ್ದರೋ, ಅದನ್ನು ನಾವು ಯಾವಾಗ ಬಿಚ್ಚಿ ಎಲ್ಲಿ ಹಾಕಿದೆವೋ...

ಮಳೆಗಾಲವೆಲ್ಲ ಅವಳು ವಾರಕ್ಕೊಮ್ಮೆ ಬಂದಳು. “ಸಿಕ್ತೇನ್ರಾ?” ಅಷ್ಟೇ ಕೇಳುತ್ತಿದ್ದಳು. ನವರಾತ್ರಿ ಕಳೆದ ಮೇಲೆ ನ್ಯಾಯಮಂಡಳಿಯ ದಿನ ಗೊತ್ತಾಯಿತು, ಬುಧವಾರ. ಅದರ ಹಿಂದಿನ ಸೋಮವಾರ ನಾನು ಟೈಪ್ ಮಾಡುತ್ತಿದ್ದಾಗ ಹೊರಗೆ ಎತ್ತಿನ ಗಾಡಿ ನಿಂತಿತು. ದಫ್ತರದವರು ಇಳಿದರು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಆ ಹೆಂಗಸು. ಅವಳು ಅವರ ಮನೆ ಹುಡುಕಿಕೊಂಡು ಹೋಗಿ ವಿಷಯ ಹೇಳಿದ್ದಳಂತೆ. ಕೇಳಿದವರೇ ಎಡಗೈಯಲ್ಲಿ ಗೂಟದ ಮೇಲಿದ್ದ ಕರಿ ಕೋಟು ತೋರಿಸಿದರಂತೆ.

ಅವರ ಹೆಂಡತಿ ಶಿರಸ್ತೇದಾರರ ಮುಂದೆ ನಿಂತು, ಗಂಡನ ಕಡೆ ಕೈ ತೋರಿಸಿ, “ಅವಕ್ಕೆ ಎಲ್ಲಾ ಗೊತ್ತಿದ್ದು. ಹೇಳಲೆ ಬತ್ತಿಲ್ಲೆ, ಅಷ್ಟೇಯ. ಒಂದ್ಸಲ ಒಳಗೆ ಬಿಡಿ,” ಎಂದರು. ಶಿರಸ್ತೇದಾರರು ಎದ್ದು ಬೀಗದ ಕೈ ಕೊಟ್ಟರು.

ಬಾಗಿಲ ಹತ್ತಿರ ದಫ್ತರದವರು ಹೆಂಡತಿಯ ಕೈ ಬಿಡಿಸಿಕೊಂಡರು. ಅವರ ಮುಖದಲ್ಲಿ ಆಗ ಇದ್ದ ಕಳೆ ನನಗೆ ಮರೆಯುವುದಿಲ್ಲ. ತಮ್ಮ ಮನೆಗೆ ಮರಳಿ ಬಂದವರ ಮುಖ ಅದು. ಎಡಗೈಯನ್ನು ಅಟ್ಟಣೆಗೆ ಹಚ್ಚಿಕೊಂಡು, ಕಾಲೆಳೆಯುತ್ತ, ಮೂಡಣ ಗೋಡೆಯ ಮೂರನೆಯ ಸಾಲಿಗೆ ಹೋದರು. ಚೀಟಿ ನೋಡಲಿಲ್ಲ. ಎದೆಮಟ್ಟದ ಅಟ್ಟಣೆಗೆ ಕೈ ಚಾಚಿ, ಎಡಗಡೆಯಿಂದ ಸವರುತ್ತ ಹೋಗಿ, ಒಂದು ದಫ್ತರವನ್ನು ಎಳೆದರು. ಸ್ವಲ್ಪವೂ ಅನುಮಾನಿಸಲಿಲ್ಲ. ಒಂದೇ ಕೈಯಿಂದ, ಹಲ್ಲಿನಿಂದ ಗಂಟು ಬಿಚ್ಚಿದರು. ಆ ಹೆಂಗಸು ಎರಡೂ ಕೈ ಜೋಡಿಸಿ ನಿಂತಿದ್ದಳು.

ಅದರಲ್ಲಿದ್ದದ್ದು ಯಾವುದೋ ಊರಿನ ಜನನ ಮರಣದ ಪುಸ್ತಕ.

ಮಗುಚಿ ನೋಡಿದರು. ಮತ್ತೆ ಮಗುಚಿದರು. ಪಕ್ಕದ್ದನ್ನು ಎಳೆದರು, ಅದರ ಪಕ್ಕದ್ದನ್ನು ಎಳೆದರು. ಆಮೇಲೆ ಮೊದಲ ಬಾರಿಗೆ ತಲೆಯೆತ್ತಿ ಇಡೀ ಕೋಣೆಯನ್ನು ನೋಡಿದರು. ಹೊಸ ಬಟ್ಟೆ, ಸಾಲುಸಾಲು ಚೀಟಿ. ಒಂದು ಚೀಟಿಯನ್ನು ಹಿಡಿದು ಕಣ್ಣಿನ ಹತ್ತಿರ ತಂದರು. ನನ್ನ ಅಕ್ಷರ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ದಿನಾ ನೋಡುತ್ತಿದ್ದದ್ದು. ತಿರುಗಿ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಏನು ಮಾಡಿದಿರಿ ಎಂದು ನಿಜವಾಗಿ ತಿಳಿಯಬೇಕಾದವರ ಹಾಗೆ ನೋಡಿದರು.

ಅಲ್ಲಿಂದ ಪಡುವಣ ಗೋಡೆಗೆ ಹೋದರು. ಖಾಲಿ ಇರಬೇಕಾದ ಅಟ್ಟಣೆಗಳಲ್ಲಿ ‘ಇತರೆ’ಯ ಗಂಟುಗಳು. ಕೈಯಿಟ್ಟರೆ ಬಟ್ಟೆ ತೊಯ್ದು ಗೋಡೆಗೆ ಅಂಟಿತ್ತು. ಒಂದನ್ನು ಎಳೆದರು, ಅರ್ಧ ಬಂತು, ಅರ್ಧ ಅಲ್ಲೇ ಉಳಿಯಿತು. ಒಳಗಿನ ಹಾಳೆಗಳು ಒಂದಕ್ಕೊಂದು ಕೂತು ನೆನೆದ ಅವಲಕ್ಕಿಯಂತಾಗಿದ್ದವು. ಶಾಯಿ ಎಲ್ಲ ಕದಡಿ ನೀಲಿ. ಅವರ ಬಾಯಿಯಿಂದ ಒಂದು ಸದ್ದು ಹೊರಟಿತು. ಮಾತಲ್ಲ, ಅಳುವೂ ಅಲ್ಲ. ಎಡಗೈಯಲ್ಲಿ ಒಂದೊಂದೇ ಹಾಳೆ ಬಿಡಿಸಲು ನೋಡುತ್ತಿದ್ದರು, ಅದು ಬೆರಳಿಗೆ ಮೆತ್ತಿಕೊಂಡು ಬರುತ್ತಿತ್ತು.

ಆ ಹೆಂಗಸು ಹತ್ತಿರ ಹೋಗಿ ಅವರ ಕೈ ಹಿಡಿದಳು. “ಸಾಕು ಅಯ್ಯಾ, ಬಿಡಿ. ನೀವು ಕೂತ್ಕಳಿ,” ಎಂದಳು. ತನ್ನ ಸೆರಗಿನಿಂದ ಅವರ ಬೆರಳು ಒರೆಸಿದಳು, ಆಮೇಲೆ ಅವರ ಬಾಯಿ ಒರೆಸಿದಳು. ಗದ್ದೆ ಹೋಗುತ್ತಿದ್ದದ್ದು ಅವಳದು.

ಅವತ್ತು ಸಂಜೆ ಹಿಂಬರಹ ಟೈಪ್ ಮಾಡಿದೆ. “ಕೋರಿದ ದಾಖಲೆಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.” ಮಾಡುವ ಮೊದಲು ಶಿರಸ್ತೇದಾರರ ಹತ್ತಿರ ಹೋಗಿ, “ನಾನೇ ಕಣ್ಣಾರೆ ನೋಡಿದೀನಿ ಸರ್, ಓದಿದೀನಿ,” ಎಂದೆ. ಅವರು, “ನೋಡಿದೀನಿ ಅಂತ ಮಂಡಳಿ ಮುಂದೆ ಹೇಳಿದ್ರೆ, ಈಗ ಎಲ್ಲಿ ಅಂತಾರಮ್ಮ. ಏನು ಹೇಳ್ತೀರಿ?” ಎಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮದುವೆ ಗೊತ್ತಾಗಿತ್ತು. ಬುಧವಾರ ನ್ಯಾಯಮಂಡಳಿ ಕೂತದ್ದು ನಮ್ಮ ಪಕ್ಕದ ಕೋಣೆಯಲ್ಲೇ. ಎದ್ದು ಹೋಗಿ ಎರಡು ಮಾತು ಹೇಳಬಹುದಿತ್ತು. ಆ ಮಾತಿಗೆ ಎಷ್ಟು ಬೆಲೆ ಇರುತ್ತಿತ್ತೋ ಗೊತ್ತಿಲ್ಲ. ನಾನು ಏಳಲಿಲ್ಲ. ಅವಳ ಅರ್ಜಿ ವಜಾ ಆಯಿತು.

ಮಾರನೆಯ ವರ್ಷದ ಮಳೆಗಾಲಕ್ಕೆ ದಫ್ತರದವರು ಇರಲಿಲ್ಲ. ಅವಳು ಊರು ಬಿಟ್ಟಳೆಂದು ಕೇಳಿದೆ. ವರದಹಳ್ಳಿಯಲ್ಲಿ ಯಾರೋ ಕಂಡರಂತೆ, ಇನ್ನಾರೋ ಅಲ್ಲ ಎಂದರು... ಎಂಬತ್ತರ ದಶಕದಲ್ಲಿ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಸೇರ್ಪಡೆಯಾದ ದಿನದಿಂದ ನಿವೃತ್ತಿಯ ದಿನದವರೆಗೆ ಮೇಜಿನ ಮೇಲೆ ಬಂದ ನಕಲನ್ನು ಮರುದಿನಕ್ಕೆ ಇಟ್ಟದ್ದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಶಿಸ್ತು ಆ ಬಗೆಯದು. ಎಲ್ಲರೂ ಮೆಚ್ಚಿಕೊಂಡರು.

ಅವತ್ತು ರಿಪೇರಿ ಅಂಗಡಿಯಿಂದ ಮನೆಗೆ ಬಂದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪಹಣಿ ಕೊಡುವ ಕೇಂದ್ರಕ್ಕೆ ಹೋದೆ. ಆ ಸರ್ವೆ ನಂಬರು ನನಗೆ ಬಾಯಿಪಾಠ, ಮಕ್ಕಳ ಹುಟ್ಟಿದ ದಿನ ಒಮ್ಮೊಮ್ಮೆ ಮರೆತರೂ ಅದು ಮರೆಯುವುದಿಲ್ಲ. ಹೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಒತ್ತಿದಳು, ಎರಡು ನಿಮಿಷದಲ್ಲಿ ಹಾಳೆ ಕೈಗೆ ಬಂತು. “ನಿಮ್ಮ ಜಾಗನಾ ಅಮ್ಮ?” ಎಂದು ಕೇಳಿದಳು. ಅಲ್ಲ ಎಂದೆ.

ಬಾಗಿಲ ಹತ್ತಿರ ಬೆಳಕಿಗೆ ನಿಂತು ಓದಿದೆ. ಒಡೆಯರ ಮೊಮ್ಮಗನ ಹೆಸರಿದೆ. ಉಳುವವರ ಕಾಲಮ್ಮಿನಲ್ಲೂ ಅವನದೇ. ಅವಳ ಗಂಡ ಆ ಗದ್ದೆಯನ್ನು ಹದಿನೈದು ವರ್ಷ ಉತ್ತದ್ದಕ್ಕೆ ಈಗ ಎಲ್ಲಿಯೂ ಒಂದಕ್ಷರವಿಲ್ಲ. ಅವನ ಹೆಸರನ್ನು ಆ ಕಾಲಮ್ಮಿನಲ್ಲಿ ಕೊನೆಗೆ ಓದಿದವರು ಇಬ್ಬರು. ಒಬ್ಬರಿಗೆ ಹೇಳಬೇಕೆಂದಿತ್ತು, ಬಾಯಿಯಿರಲಿಲ್ಲ. ನನಗೆ ಬಾಯಿಯಿತ್ತು.